ಬೀರುವಿನೊಳಗಿನ ಮದುವೆ

ರೇಷ್ಮೆ ಸೀರೆಗಳ ಅಡಿಯಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಪ್ಲಾಸ್ಟಿಕ್ ಡಬ್ಬಿಯೊಂದು ವರ್ಷಗಳಿಂದ ಹಾಗೇ ಕೂತಿರುತ್ತದೆ. ಮುಚ್ಚಳದ ಮೇಲೆ ಗುಲಾಬಿ ಹೂಗಳ ಮಧ್ಯೆ ವಧೂವರರ ಫೋಟೊ, ಕೆಳಗೆ ಸ್ಟುಡಿಯೊದ ಹೆಸರು. ಒಳಗಿನ ತಟ್ಟೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ‘ಭಾಗ 1’. ಮಗುಚಿ ನೋಡಿದರೆ ತಳ ನೇರಳೆಯಾಗಿ ಹೊಳೆಯುತ್ತದೆ. ಮನೆಮಂದಿ ಅದನ್ನು ‘ಮದುವೆ ಸಿಡಿ’ ಎನ್ನುತ್ತಾರೆ. ಹಿರಿಯರ ಬಾಯಲ್ಲಿ ಈಗಲೂ ಅದು ‘ಮದುವೆ ಕ್ಯಾಸೆಟ್ಟು’. ನಿಜದಲ್ಲಿ ಅದು ಡಿವಿಡಿ. ನೋಡೋಣವೆಂದು ಹೊರತೆಗೆದರೆ ಹಾಕಲು ಪ್ಲೇಯರ್ ಇಲ್ಲ, ಹೊಸ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವೇ ಇಲ್ಲ.

ಡಿವಿಡಿ ಮೊದಲು ಮಾರಾಟಕ್ಕೆ ಬಂದದ್ದು 1996ರ ನವೆಂಬರಿನಲ್ಲಿ, ಜಪಾನಿನಲ್ಲಿ. ಮರುವರ್ಷ ಅಮೆರಿಕಕ್ಕೆ ಬಂತು. 2008ರಲ್ಲಿ ಆಪಲ್ ಕಂಪನಿ ಡಿವಿಡಿ ಡ್ರೈವ್ ಇಲ್ಲದ ಮ್ಯಾಕ್‌ಬುಕ್ ಏರ್ ಹೊರತಂದಿತು. ಉಳಿದ ಕಂಪನಿಗಳೂ ನಿಧಾನವಾಗಿ ಅದೇ ದಾರಿ ಹಿಡಿದವು. ಭಾರತದಲ್ಲಿ ಖಾಲಿ ಡಿಸ್ಕುಗಳನ್ನೂ ಅಗ್ಗದ ಸಿನಿಮಾ ಡಿಸ್ಕುಗಳನ್ನೂ ಮನೆಮನೆಗೆ ತಲುಪಿಸಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ಮುಚ್ಚುವ ಹಂತಕ್ಕೆ ಬಂದು ಅದರ ಆಸ್ತಿ ವಿಲೇವಾರಿಗೆ ಆದೇಶವಾಯಿತು. ಅಂಚೆಯಲ್ಲಿ ಡಿವಿಡಿ ಕಳಿಸುವುದರಿಂದಲೇ ಬೆಳೆದ ನೆಟ್‌ಫ್ಲಿಕ್ಸ್ ತನ್ನ ಕೊನೆಯ ತಟ್ಟೆಯನ್ನು ಕಳಿಸಿದ್ದು 2023ರ ಸೆಪ್ಟೆಂಬರ್ 29ರಂದು.

ಸಿನಿಮಾ ಡಿವಿಡಿ ಹಾಳಾದರೆ ಚಿಂತೆಯಿಲ್ಲ, ಅದೇ ಚಿತ್ರ ಇನ್ನೊಂದು ಕಡೆ ಸಿಕ್ಕೀತು. ಮದುವೆ ಡಿವಿಡಿಯ ಮಾತು ಬೇರೆ. ಆ ಕಾಲದ ವಿಡಿಯೋದವರು ಹೆಚ್ಚಾಗಿ ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಚಿತ್ರೀಕರಿಸಿ, ಆಮೇಲೆ ‘ಮಿಕ್ಸಿಂಗ್’ ಮಾಡಿ, ಸಿನಿಮಾ ಹಾಡು ಸೇರಿಸಿ, ಎರಡು ಮೂರು ಪ್ರತಿ ರೈಟ್ ಮಾಡಿ ಕೊಡುತ್ತಿದ್ದರು. ಕ್ಯಾಸೆಟ್ಟಿಗೆ ಬೆಲೆಯಿತ್ತು, ಅದರ ಮೇಲೆ ಇನ್ನೊಬ್ಬರ ಮದುವೆ ಚಿತ್ರೀಕರಣವಾಗುತ್ತಿದ್ದುದೂ ಉಂಟು. ಹಾಗಾಗಿ ಅನೇಕ ಮನೆಗಳಲ್ಲಿ ಆ ನೇರಳೆ ತಟ್ಟೆಯೇ ಮೂಲಪ್ರತಿ. ಈಗ ಇಲ್ಲದ ಅಜ್ಜನ ನಡಿಗೆ, ಅತ್ತೆಯ ದನಿ, ಕೆಡವಿಹಾಕಿದ ಹಳೆಯ ಮನೆಯ ಜಗಲಿ, ಎಲ್ಲವೂ ಅದರಲ್ಲಿ ಮಾತ್ರ ಇವೆ.

ಅದನ್ನು ಫೈಲ್ ಮಾಡಿ, ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದರೂ ಡೌನ್‌ಲೋಡ್ ಮಾಡಿ ನೋಡುವಂತೆ ಮಾಡುವುದು ಕಷ್ಟದ ಕೆಲಸವೇನಲ್ಲ. ಆದರೆ ತಟ್ಟೆಯೊಳಗೆ ಏನಿದೆ ಎಂದು ತಿಳಿಯದೆ ಮಾಡಿದರೆ, ಉಳಿಸಲು ಹೊರಟದ್ದನ್ನೇ ಅರ್ಧ ಕಳೆದುಕೊಳ್ಳುವ ಅಪಾಯವಿದೆ.

ಹನ್ನೆರಡು ಕಿಲೋಮೀಟರ್ ಉದ್ದದ ಸಾಲು

ಡಿವಿಡಿಯ ಅಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ನೋಡಲು ಒಂದೇ ತಟ್ಟೆ, ಆದರೆ 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟಿಸಿ ಅದನ್ನು ಮಾಡಿರುತ್ತಾರೆ. ಮಾಹಿತಿ ಇರುವುದು ನಟ್ಟನಡುವೆ, ಹೋಳಿಗೆಯ ಹೂರಣದಂತೆ. ಸಿಡಿಯಲ್ಲಿ ಹೀಗಿಲ್ಲ, ಅಲ್ಲಿ ಮಾಹಿತಿಯ ಪದರ ಲೇಬಲ್ಲಿನ ಕೆಳಗೇ ಇರುವುದರಿಂದ ಮೇಲ್ಭಾಗ ಕೆರೆದರೂ ಸಾಕು, ಅದು ಹಾಳಾಗುತ್ತದೆ.

ತಟ್ಟೆಯ ಮಧ್ಯದಿಂದ ಅಂಚಿನವರೆಗೆ ಒಂದೇ ಒಂದು ಸಾಲು ಸುರುಳಿ ಸುತ್ತಿಕೊಂಡು ಹೋಗುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ಅಂತರ 0.74 ಮೈಕ್ರೋಮೀಟರ್. ಒಂದು ತಲೆಗೂದಲಿನ ಅಗಲದಲ್ಲಿ ಹತ್ತಿರ ಹತ್ತಿರ ನೂರು ಸುತ್ತು ಹಿಡಿಸುತ್ತವೆ. ಸುರುಳಿಯನ್ನು ಬಿಚ್ಚಿ ನೆಲದ ಮೇಲೆ ಎಳೆದರೆ ಸುಮಾರು 12 ಕಿಲೋಮೀಟರ್. 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್ ಈ ಸಾಲಿನ ಮೇಲೆ ಓಡಿ, ಎಲ್ಲಿ ಬೆಳಕು ಚೆನ್ನಾಗಿ ಮರಳುತ್ತದೆ, ಎಲ್ಲಿ ಮಂಕಾಗುತ್ತದೆ ಎಂದು ಓದಿಕೊಳ್ಳುತ್ತದೆ.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಯಲ್ಲಿ ಈ ವ್ಯತ್ಯಾಸವನ್ನು ಅಚ್ಚೊತ್ತಿದ ಗುಳಿಗಳು ಉಂಟುಮಾಡುತ್ತವೆ. ಸ್ಟುಡಿಯೊದವರು ರೈಟ್ ಮಾಡಿದ ಡಿವಿಡಿ-ಆರ್‌ನಲ್ಲಿ ಅಂಥ ಗುಳಿಗಳಿಲ್ಲ. ಅಲ್ಲಿರುವುದು ಬಣ್ಣದ ಪದರ. ರೈಟ್ ಮಾಡುವಾಗ ಲೇಸರ್ ಆ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಸುಟ್ಟಿರುತ್ತದೆ. ತಳ ನೇರಳೆಯಾಗಿ ಕಾಣುವುದು ಆ ಬಣ್ಣದಿಂದಲೇ. ಬಟ್ಟೆಯ ಬಣ್ಣದಂತೆ ಇದೂ ಬಿಸಿಲು, ಸೆಕೆ, ತೇವಗಳಿಗೆ ಸೋಲುತ್ತದೆ. ಕೆನಡಾದ ಸರ್ಕಾರಿ ಸಂರಕ್ಷಣಾ ಸಂಸ್ಥೆ ಬೆಳ್ಳಿಯ ಮಿಶ್ರಲೋಹದ ಪದರವಿರುವ ಸಾಮಾನ್ಯ ಡಿವಿಡಿ-ಆರ್‌ಗೆ ಅಂದಾಜು ಮಾಡಿರುವ ಆಯಸ್ಸು 10ರಿಂದ 20 ವರ್ಷ. 2006ರ ಮದುವೆಯ ತಟ್ಟೆ ಆ ಗಡಿಯನ್ನು ಮುಟ್ಟಿಯಾಗಿದೆ.

ಅಚ್ಚೊತ್ತಿದ ಡಿವಿಡಿಗಳಿಗೂ ಪೂರ್ತಿ ಅಭಯವಿಲ್ಲ. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳು ತಾವಾಗಿಯೇ ಕೆಡುತ್ತಿವೆ ಎಂದು ಹಾಲಿವುಡ್ಡಿನ ವಾರ್ನರ್ ಬ್ರದರ್ಸ್ 2025ರಲ್ಲಿ ಒಪ್ಪಿಕೊಂಡು, ಗ್ರಾಹಕರಿಗೆ ಬದಲಿ ತಟ್ಟೆ ಕೊಡಲು ಮುಂದಾಯಿತು. ಮದುವೆ ತಟ್ಟೆಗೆ ಬದಲಿ ಕೊಡುವವರು ಯಾರೂ ಇಲ್ಲ.

ಲೇಸರ್ ತಟ್ಟೆಯನ್ನು ಒಳಗಿನಿಂದ ಹೊರಕ್ಕೆ ಓದಿಕೊಳ್ಳುತ್ತ ಹೋಗುತ್ತದೆ. ಚಿತ್ರದ ಆರಂಭ ನಡುವಿನ ತೂತಿನ ಹತ್ತಿರ, ಅಂತ್ಯ ಹೊರ ಅಂಚಿನ ಕಡೆ. ಬೆರಳು ತಗಲುವುದು, ತೇವ ನುಗ್ಗುವುದು, ಅಂಟು ಬಿಡುವುದು ಹೆಚ್ಚಾಗಿ ಅಂಚಿನಲ್ಲೇ. ನಾಂದಿ, ವರಪೂಜೆಗಳೆಲ್ಲ ಸರಾಗವಾಗಿ ಓಡಿ, ಕೊನೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಬರುವಾಗ ಚಿತ್ರ ತಡವರಿಸಿ ನಿಂತುಬಿಡುವುದಕ್ಕೆ ಇದೇ ಕಾರಣ.

ಬೆಂಗಳೂರಿನ ಹುಡುಗ ಕಂಡುಕೊಂಡ ಗಣಿತ

ನಮ್ಮ ಡಿವಿಡಿಯ ಒಂದು ಚಿತ್ರಚೌಕಟ್ಟಿನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು. ಸೆಕೆಂಡಿಗೆ ಇಂಥ 25 ಚೌಕಟ್ಟು. ಇದನ್ನು ಇದ್ದಂತೆಯೇ ಬರೆದಿಟ್ಟರೆ ಸೆಕೆಂಡಿಗೆ 15 ಎಂಬಿಗಿಂತ ಹೆಚ್ಚು ಜಾಗ ಬೇಕು, 4.7 ಜಿಬಿಯ ತಟ್ಟೆ ಐದೇ ನಿಮಿಷಕ್ಕೆ ತುಂಬಿಹೋಗುತ್ತದೆ. ಆದರೂ ಎರಡು ಗಂಟೆಯ ಮದುವೆ ಅದರಲ್ಲಿ ಹಿಡಿಸಿದೆ. ಅಂದರೆ ಚಿತ್ರವನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಕುಗ್ಗಿಸಿ ಇಟ್ಟಿದ್ದಾರೆ. ಈ ಕುಗ್ಗಿಸುವ ವಿಧಾನದ ಹೆಸರು ಎಂಪೆಗ್-2.

ಅದರ ತಿರುಳಿನಲ್ಲಿರುವ ಗಣಿತಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಇಂದು ಯುವಿಸಿಇ ಎಂದು ಎಲ್ಲರೂ ಕರೆಯುವ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿ ಅವರು ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ, ಕೊಸೈನ್ ಅಲೆಗಳಿಂದ ಚಿತ್ರವನ್ನು ಬಿಡಿಸಿ ಬರೆಯುವ ವಿಧಾನವೊಂದರ ಅಧ್ಯಯನಕ್ಕೆ ಹಣ ಕೇಳಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ಮಂಜೂರಾಗಲಿಲ್ಲ. ಅಹ್ಮದ್ ಕೆಲಸ ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸಿನಲ್ಲಿದ್ದ ಕೆ.ಆರ್. ರಾವ್ ಅವರೊಂದಿಗೆ ಸೇರಿ 1974ರ ಜನವರಿಯಲ್ಲಿ ಪುಟ್ಟದೊಂದು ಪ್ರಬಂಧ ಪ್ರಕಟಿಸಿದರು. ಜೆಪೆಗ್ ಫೋಟೊ, ಡಿವಿಡಿ, ಡಿಜಿಟಲ್ ಟಿವಿ ಎಲ್ಲಕ್ಕೂ ಅಡಿಪಾಯವಾದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಅದೇ.

ಅದು ಕೆಲಸ ಮಾಡುವ ಬಗೆಯನ್ನು ಸೀರೆಯೊಂದನ್ನು ಮುಂದಿಟ್ಟುಕೊಂಡು ನೋಡಬಹುದು. ಸೀರೆ ಹೇಗಿತ್ತು ಎಂದು ಕೇಳಿದರೆ ಯಾರೂ ಎಳೆ ಎಳೆಯಾಗಿ ವರ್ಣಿಸುವುದಿಲ್ಲ. ಮೊದಲು ಒಡಲಿನ ಬಣ್ಣ, ಆಮೇಲೆ ಅಂಚು, ಆಮೇಲೆ ಬುಟ್ಟಾ, ಕೇಳಿದರೆ ಮಾತ್ರ ಜರಿಯ ಸೂಕ್ಷ್ಮ. ಎಂಪೆಗ್ ಕೂಡ ಚಿತ್ರವನ್ನು ಎಂಟಕ್ಕೆ ಎಂಟರ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದ 64 ಚುಕ್ಕಿಗಳನ್ನು 64 ಬೇರೆ ಸಂಖ್ಯೆಗಳಾಗಿ ಮಾರ್ಪಡಿಸುತ್ತದೆ. ಮೊದಲ ಸಂಖ್ಯೆ ಚೌಕದ ಒಟ್ಟಾರೆ ಬೆಳಕು. ಮುಂದಿನವು ಅಗಲವಾದ ಪಟ್ಟೆಗಳು. ಕೊನೆಕೊನೆಯವು ಅತಿ ಸಣ್ಣ ಗೆರೆಗಳು. ಮನುಷ್ಯನ ಕಣ್ಣು ಸಣ್ಣ ಗೆರೆಗಳನ್ನು ಅಷ್ಟಾಗಿ ಗಮನಿಸುವುದಿಲ್ಲವಾದ್ದರಿಂದ ಆ ಕೊನೆಯ ಸಂಖ್ಯೆಗಳನ್ನು ಒರಟಾಗಿ ಅಂದಾಜು ಮಾಡಿ, ಬಹುಪಾಲನ್ನು ಸೊನ್ನೆ ಮಾಡಿಬಿಡುತ್ತಾರೆ. ಕಳೆದದ್ದು ಅಲ್ಲಿ. ಅದು ಮತ್ತೆ ಸಿಗುವುದಿಲ್ಲ.

ಎರಡನೆಯ ಉಳಿತಾಯ ಕಾಲದ್ದು. ಮಂಟಪದ ಬಾಳೆಕಂಬ ಅಲುಗಾಡುವುದಿಲ್ಲ. ಅದನ್ನು ಸೆಕೆಂಡಿಗೆ 25 ಸಲ ಬರೆಯುವ ಅಗತ್ಯವೇನು? ಎಂಪೆಗ್-2 ಒಂದು ಚೌಕಟ್ಟನ್ನು ಪೂರ್ತಿಯಾಗಿ ಬರೆದು, ಮುಂದಿನ ಹತ್ತು ಹದಿನಾಲ್ಕು ಚೌಕಟ್ಟುಗಳಲ್ಲಿ ಏನು ಎಲ್ಲಿಗೆ ಸರಿಯಿತು, ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತದೆ.

ಈಗ ಮುಹೂರ್ತದ ಕ್ಷಣವನ್ನು ನೋಡಬೇಕು. ಪುರೋಹಿತರು ಕೈ ಎತ್ತುತ್ತಾರೆ, ಗಟ್ಟಿಮೇಳ ಮೊಳಗುತ್ತದೆ, ನೂರಾರು ಕೈಗಳಿಂದ ಅಕ್ಷತೆ ಹಾರುತ್ತದೆ. ಒಂದೊಂದು ಕಾಳೂ ತನ್ನದೇ ದಾರಿಯಲ್ಲಿ ಬರುತ್ತದೆ. ಹಿಂದಿನ ಚೌಕಟ್ಟನ್ನು ನೋಡಿ ಮುಂದಿನದನ್ನು ಊಹಿಸಲು ಆಗುವುದೇ ಇಲ್ಲ. ಅದೇ ಹೊತ್ತಿಗೆ ಫೋಟೊದವರ ಫ್ಲ್ಯಾಶ್ ಮಿಂಚಿ ಇಡೀ ಚಿತ್ರದ ಬೆಳಕೇ ಬದಲಾಗುತ್ತದೆ. ಮದುಮಗಳ ಜರಿ ಥಳಥಳಿಸುತ್ತದೆ. ಬರೆಯಬೇಕಾದದ್ದು ಬೆಟ್ಟದಷ್ಟು, ಡಿವಿಡಿ ನಿಯಮದ ಪ್ರಕಾರ ಚಿತ್ರಕ್ಕೆ ಸೆಕೆಂಡಿಗೆ 98 ಲಕ್ಷ ಬಿಟ್‌ಗಳಿಗಿಂತ ಹೆಚ್ಚು ಕೊಡುವಂತಿಲ್ಲ. ಇಡೀ ಮದುವೆಯಲ್ಲಿ ಎಲ್ಲರೂ ಮತ್ತೆ ನೋಡಬಯಸುವ ಮಾಂಗಲ್ಯಧಾರಣೆಯ ಗಳಿಗೆಯಲ್ಲೇ ಚಿತ್ರ ಚೌಕ ಚೌಕವಾಗಿ ಒಡೆಯುವುದು ಈ ಕಾರಣಕ್ಕೆ.

ಮೊದಲು ನಕಲು, ಆಮೇಲೆ ಕನ್ವರ್ಟ್

ಇಲ್ಲಿಂದ ಒಂದು ಮುಖ್ಯ ಪಾಠ ಹೊರಡುತ್ತದೆ. ಹೆಚ್ಚಿನವರು ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಿ ನೇರವಾಗಿ ಎಂಪಿ4 ಮಾಡಿಸಿಬಿಡುತ್ತಾರೆ. ಹೊಸ ಫೈಲ್ ಮಾಡುವ ತಂತ್ರಾಂಶಕ್ಕೆ ಯಾವುದು ಅಕ್ಷತೆ, ಯಾವುದು ಹಳೆಯ ಕುಗ್ಗಿಸುವಿಕೆಯಲ್ಲಿ ಹುಟ್ಟಿದ ಚೌಕ ಎಂದು ತಿಳಿಯದು. ಚೌಕಗಳ ಅಂಚನ್ನೂ ಚಿತ್ರವೆಂದೇ ಭಾವಿಸಿ ಉಳಿಸಲು ಜಾಗ ಖರ್ಚು ಮಾಡುತ್ತದೆ, ಆ ಜಾಗಕ್ಕಾಗಿ ನಿಜವಾದ ವಿವರಗಳನ್ನು ಬಿಡುತ್ತದೆ. ಜೆರಾಕ್ಸಿನ ಜೆರಾಕ್ಸ್ ಮಸುಕಾಗುವಂತೆ ಇದೂ ಮಸುಕು. ಆದ್ದರಿಂದ ಕೆಲಸ ಎರಡು: ಮೊದಲನೆಯದು ತಟ್ಟೆಯಲ್ಲಿರುವ ಬಿಟ್‌ಗಳನ್ನು ಒಂದನ್ನೂ ಬದಲಿಸದೆ ನಕಲು ಮಾಡಿಡುವುದು, ಎರಡನೆಯದು ಆ ನಕಲಿನಿಂದ ನೋಡಲು, ಹಂಚಲು ಅನುಕೂಲವಾದ ಫೈಲ್ ತಯಾರಿಸುವುದು.

ತಟ್ಟೆಯನ್ನು ಒರೆಸುವುದರಿಂದ ಆರಂಭ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2003ರಲ್ಲಿ ಹೊರತಂದ ಕೈಪಿಡಿ ಸಾರಿ ಹೇಳುವಂತೆ, ಮೆತ್ತನೆಯ ಹತ್ತಿಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಪಾತ್ರೆ ತಿಕ್ಕುವಂತೆ ಸುತ್ತ ಸುತ್ತ ಒರೆಸಬಾರದು. ಸುತ್ತ ಬಿದ್ದ ಗೀರು ಒಂದೇ ಸಾಲಿನ ಉದ್ದಕ್ಕೂ ಮಾಹಿತಿಯನ್ನು ಅಳಿಸುತ್ತದೆ. ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇಚೂರು ಮುಚ್ಚುತ್ತದೆ.

ಆ ಚೂರನ್ನು ತಟ್ಟೆ ತಾನೇ ತುಂಬಿಕೊಳ್ಳಬಲ್ಲದು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅಡ್ಡಸಾಲಿನ ಮೊತ್ತವೂ ಕಂಬಸಾಲಿನ ಮೊತ್ತವೂ ಇದ್ದರೆ, ನಡುವಿನ ಒಂದು ಅಂಕಿ ಅಳಿಸಿಹೋದರೂ ಮೊತ್ತ ನೋಡಿ ಅದನ್ನು ಮತ್ತೆ ಬರೆಯಬಹುದಲ್ಲವೇ? ಡಿವಿಡಿಯಲ್ಲೂ ಮಾಹಿತಿಯನ್ನು 192 ಅಡ್ಡಸಾಲು, 172 ಕಂಬಸಾಲುಗಳ ಚೌಕಳಿಯಾಗಿ ಜೋಡಿಸಿ, ಕೆಳಗೆ 16 ಸಾಲು, ಪಕ್ಕದಲ್ಲಿ 10 ಕಂಬ ತಾಳೆಯ ಅಂಕಿಗಳನ್ನು ಸೇರಿಸಿರುತ್ತಾರೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ರೂಪಿಸಿದ ಈ ಲೆಕ್ಕಾಚಾರ ಮೊತ್ತಗಳಿಗಿಂತ ಬಹಳ ಬಲವಾದದ್ದು. ಒಂದೇ ಸಾಲಿನಲ್ಲಿ ಹಲವು ಅಂಕಿಗಳು ಹೋದರೂ ಸರಿಪಡಿಸುತ್ತದೆ. ಮಿತಿ ಮೀರಿದಾಗ ಮಾತ್ರ ಚಿತ್ರ ನಿಲ್ಲುತ್ತದೆ. ಅಂದರೆ ತಟ್ಟೆ ನಿಧಾನವಾಗಿ ಸವೆಯುತ್ತಿದ್ದರೂ ನೋಡುವವರಿಗೆ ಗೊತ್ತೇ ಆಗುವುದಿಲ್ಲ; ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಇದ್ದರೆ ನಕಲು ಸುಲಭ. ತಟ್ಟೆಯನ್ನು ತೆರೆದರೆ ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್, ಅದರೊಳಗೆ ಒಂದೊಂದು ಜಿಬಿ ಗಾತ್ರದ ವಿಒಬಿ ಫೈಲುಗಳು ಕಾಣುತ್ತವೆ. (ಅವುಗಳ ಬದಲು ಡ್ಯಾಟ್ ಎಂದು ಕೊನೆಯಾಗುವ ಫೈಲ್ ಇದ್ದರೆ ಅದು ಡಿವಿಡಿಯಲ್ಲ, ಅದಕ್ಕೂ ಹಳೆಯ ವಿಸಿಡಿ.) ಈ ಫೈಲುಗಳನ್ನು ಬಿಡಿಬಿಡಿಯಾಗಿ ಎಳೆದು ಹಾಕುವುದಕ್ಕಿಂತ ಇಡೀ ತಟ್ಟೆಯ ಐಎಸ್‌ಒ ಪ್ರತಿ ಮಾಡುವುದು ಒಳ್ಳೆಯದು. ಮೆನು, ಅಧ್ಯಾಯ, ಹೆಸರುಗಳ ಸಮೇತ ಎಲ್ಲವೂ ಒಂದೇ ಫೈಲಿನಲ್ಲಿ ಉಳಿಯುತ್ತವೆ.

ಗೀರುಬಿದ್ದ ತಟ್ಟೆಗಳಿಗೆ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವಿದೆ. ಅದು ಕೆಟ್ಟ ಜಾಗದಲ್ಲಿ ಹಟ ಹಿಡಿದು ಕೂರುವುದಿಲ್ಲ. ಸುಲಭವಾಗಿ ಓದಲಾಗುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಬಿಟ್ಟುಹೋದ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತಿಟ್ಟು, ಆಮೇಲೆ ಅಲ್ಲಿಗೆ ಮತ್ತೆ ಮತ್ತೆ ಮರಳುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ನಕ್ಷೆ ಇರುವುದರಿಂದ ಬೇರೆ ಡ್ರೈವಿನಲ್ಲೂ ಅಲ್ಲಿಂದಲೇ ಮುಂದುವರಿಸಬಹುದು. ಇನ್ನೂ ದೊಡ್ಡ ಅನುಕೂಲವೆಂದರೆ, ಒಂದೇ ಡಿವಿಡಿಯ ಎರಡು ಪ್ರತಿಗಳನ್ನು ಅದು ಬೆಸೆಯಬಲ್ಲದು. ಹೆಣ್ಣಿನ ಮನೆಯ ತಟ್ಟೆಯಲ್ಲಿ ಧಾರೆಯ ಭಾಗ ಕೆಟ್ಟಿದ್ದು, ಗಂಡಿನ ಮನೆಯದರಲ್ಲಿ ಭೂಮದೂಟ ಕೆಟ್ಟಿದ್ದರೆ, ಎರಡೂ ಒಂದೇ ಪ್ರತಿಯ ನಕಲುಗಳಾಗಿದ್ದಲ್ಲಿ, ಎರಡರಿಂದ ಒಂದು ಪೂರ್ಣ ಮದುವೆ ಸಿದ್ಧವಾಗುತ್ತದೆ. ತಟ್ಟೆ ಓಡಲಿಲ್ಲವೆಂದು ಎಸೆಯುವ ಮುಂಚೆ ಬೀಗರ ಮನೆಗೆ ಒಂದು ಫೋನ್ ಮಾಡಬೇಕು.

ಬಾಚಣಿಗೆಯ ಹಲ್ಲು, ಊದಿದ ಮುಖ

ನೋಡುವ ಫೈಲ್ ಮಾಡಲು ‘ಹ್ಯಾಂಡ್‌ಬ್ರೇಕ್’ ಎಂಬ ಉಚಿತ ತಂತ್ರಾಂಶ ಬಹುಕಾಲದಿಂದ ಬಳಕೆಯಲ್ಲಿದೆ. ಅದು ಎಂಪೆಗ್-2 ಚಿತ್ರವನ್ನು, 2003ರಲ್ಲಿ ರೂಪುಗೊಂಡ ಎಚ್.264 ವಿಧಾನಕ್ಕೆ ತಿರುಗಿಸಿ ಎಂಪಿ4 ಮಾಡಿಕೊಡುತ್ತದೆ. ಅಹ್ಮದ್ ಅವರ ಕೊಸೈನ್ ಗಣಿತವೇ ಇಲ್ಲೂ ಇದೆ, ಪೂರ್ಣಾಂಕಗಳಿಗೆ ಹೊಂದಿಸಿದ ರೂಪದಲ್ಲಿ. ಸುಮಾರು ಅರ್ಧದಷ್ಟು ಜಾಗದಲ್ಲಿ ಅಷ್ಟೇ ಚೆನ್ನಾದ ಚಿತ್ರ ಸಿಗುತ್ತದೆ, ಫೋನು ಟಿವಿ ಎಲ್ಲದರಲ್ಲೂ ಓಡುತ್ತದೆ. ಗುಣಮಟ್ಟದ ಅಂಕಿಯನ್ನು 18ರಿಂದ 22ರ ನಡುವೆ ಇಡಬೇಕೆಂಬುದು ಡಿವಿಡಿ ಮಟ್ಟದ ಚಿತ್ರಕ್ಕೆ ಆ ತಂತ್ರಾಂಶ ರೂಪಿಸಿದವರ ಸಲಹೆ. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು.

ಎರಡು ಜಾಗದಲ್ಲಿ ಎಚ್ಚರ ಬೇಕು. ಮೊದಲನೆಯದು ಗೆರೆ. ಹಳೆಯ ಟಿವಿಗೆಂದು ತೆಗೆದ ವಿಡಿಯೊದಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳಿರುತ್ತವೆ: ಒಮ್ಮೆ ಬೆಸ ಗೆರೆಗಳು, ಮರುಗಳಿಗೆ ಸಮ ಗೆರೆಗಳು. ಎರಡನ್ನೂ ಒಟ್ಟಿಗೆ ತೋರಿಸುವ ಫೋನಿನ ಪರದೆಯಲ್ಲಿ, ಅಕ್ಷತೆ ಎಸೆಯುವ ಕೈ ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ‘ಡಿಇಂಟರ್‌ಲೇಸ್’ ಆಯ್ಕೆ ಇದನ್ನು ಸರಿಪಡಿಸುತ್ತದೆ. ಅದರಲ್ಲೇ ‘ಬಾಬ್’ ಎಂಬ ಬಗೆಯನ್ನು ಆರಿಸಿಕೊಂಡರೆ 50 ಅರ್ಧಚಿತ್ರಗಳೂ 50 ಪೂರ್ಣಚಿತ್ರಗಳಾಗಿ, ಚಲನೆ ಮೊದಲಿನಷ್ಟೇ ನಯವಾಗಿ ಉಳಿಯುತ್ತದೆ.

ಎರಡನೆಯದು ಆಕಾರ. ಡಿವಿಡಿಯ ಚುಕ್ಕಿಗಳು ಚೌಕವಲ್ಲ. 720ಕ್ಕೆ 576ರ ಅದೇ ಚಿತ್ರ ಹಳೆಯ ಟಿವಿಯ 4:3 ಆಕಾರಕ್ಕೂ, ಅಗಲವಾದ 16:9 ಆಕಾರಕ್ಕೂ ಬಳಕೆಯಾಗುತ್ತದೆ. ಯಾವುದೆಂದು ತಿಳಿಸುವ ಗುರುತು ಫೈಲಿನೊಳಗಿದೆ. ಆ ಗುರುತನ್ನು ಕಡೆಗಣಿಸಿ ಪರದೆ ತುಂಬ ಎಳೆದರೆ ಎಲ್ಲರ ಮುಖವೂ ಊದಿಕೊಳ್ಳುತ್ತದೆ. ಮೇಲೆ ಕೆಳಗೆ ಕತ್ತರಿಸಿದರೆ ಪೇಟ, ಬಾಸಿಂಗ ಹಾರಿಹೋಗುತ್ತವೆ. ಎರಡು ಪಕ್ಕದ ಕಪ್ಪು ಪಟ್ಟಿಗಳನ್ನು ಹಾಗೇ ಬಿಡುವುದು ಸರಿ.

ಕೃತಕ ಬುದ್ಧಿಮತ್ತೆಯಿಂದ ಹಳೆಯ ವಿಡಿಯೊವನ್ನು 4ಕೆ ಮಾಡಿಕೊಡುವ ತಂತ್ರಾಂಶಗಳೂ ಬಂದಿವೆ. ಅವು ತಟ್ಟೆಯಲ್ಲಿ ಇಲ್ಲದ ವಿವರವನ್ನು ಬೇರೆ ಸಾವಿರಾರು ಚಿತ್ರಗಳಿಂದ ಕಲಿತ ಊಹೆಯಿಂದ ತುಂಬುತ್ತವೆ. ದೂರದಲ್ಲಿ ಕೂತ ಅಜ್ಜಿಯ ಮಸುಕು ಮುಖ ಚೊಕ್ಕವಾಗಬಹುದು, ಆದರೆ ಅದು ಅಜ್ಜಿಯ ಮುಖವೇ ಆಗಿರಬೇಕಾಗಿಲ್ಲ. ಬೇಕಿದ್ದವರು ಅದನ್ನು ಬೇರೆ ಪ್ರತಿಯಾಗಿ ಮಾಡಿಕೊಳ್ಳಲಿ. ಮೂಲದ ಬದಲಿಗೆ ಅದನ್ನಿಡುವುದು ತಪ್ಪು.

ಹಂಚುವಾಗ

ಫೈಲ್ ಆದ ಮೇಲೆ ಹಳೆಯ ತಕರಾರೊಂದು ತಾನಾಗಿ ಬಗೆಹರಿಯುತ್ತದೆ. ಭಾರತದ ಡಿವಿಡಿಗಳು ಪಾಲ್ ಪದ್ಧತಿಯವು. ಅಮೆರಿಕದ್ದು ಎನ್‌ಟಿಎಸ್‌ಸಿ, ಅಲ್ಲಿ ಚೌಕಟ್ಟಿಗೆ 480 ಗೆರೆ, ಸೆಕೆಂಡಿಗೆ 29.97 ಚೌಕಟ್ಟು. ಇಲ್ಲಿಂದ ಕಳಿಸಿದ ತಂಗಿಯ ಮದುವೆ ಡಿವಿಡಿ ಅಲ್ಲಿನ ಅನೇಕ ಪ್ಲೇಯರುಗಳಲ್ಲಿ ಓಡದೆ ಅಕ್ಕಂದಿರು ಪರದಾಡಿದ್ದು ಇದಕ್ಕೇ. ಕಂಪ್ಯೂಟರಿಗೂ ಫೋನಿಗೂ ಈ ಭೇದವಿಲ್ಲ.

ಡೌನ್‌ಲೋಡಿಗೆಂದು ಇಡುವ ಎಂಪಿ4ಗೆ ಹ್ಯಾಂಡ್‌ಬ್ರೇಕಿನಲ್ಲಿ ‘ವೆಬ್ ಆಪ್ಟಿಮೈಜ್ಡ್’ ಎಂಬ ಗುರುತು ಹಾಕಿದರೆ ಫೈಲಿನ ಸೂಚಿ ಮೊದಲಿಗೇ ಬಂದು, ಪೂರ್ತಿ ಇಳಿಯುವ ಮುಂಚೆಯೇ ಚಿತ್ರ ಓಡತೊಡಗುತ್ತದೆ. ವಾಟ್ಸ್ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಇನ್ನೊಮ್ಮೆ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ 2 ಜಿಬಿವರೆಗೆ ಇದ್ದದ್ದು ಇದ್ದಂತೆ ಹೋಗುತ್ತದೆ. ಯೂಟ್ಯೂಬಿಗೆ ಏರಿಸಿದರೆ ಅಲ್ಲೂ ಕುಗ್ಗುತ್ತದೆ, ಜೊತೆಗೆ ಮಿಕ್ಸಿಂಗಿನಲ್ಲಿ ಸೇರಿಸಿದ ಸಿನಿಮಾ ಹಾಡುಗಳಿಗೆ ಹಕ್ಕುದಾರರ ತಕರಾರು ಬರಬಹುದು.

ಸ್ಟುಡಿಯೊದ ತಟ್ಟೆಗಳಿಗೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ. ಸಿನಿಮಾ ಡಿವಿಡಿಗಳಿಗೆ 40 ಬಿಟ್‌ಗಳ ಗೂಢಲಿಪಿಯ ಬೀಗವಿರುತ್ತದೆ. 1999ರಲ್ಲಿ ಅದನ್ನು ತೆರೆಯುವ ತಂತ್ರಾಂಶವನ್ನು ಹೊರಬಿಟ್ಟವರಲ್ಲಿ ಒಬ್ಬನಾದ ನಾರ್ವೆಯ ಹದಿಹರೆಯದ ಯೋನ್ ಲೆಕ್ ಯೋಹಾನ್ಸೆನ್ ಮೇಲೆ ಮೊಕದ್ದಮೆ ನಡೆದು, 2003ರಲ್ಲಿ ಎರಡು ಹಂತದ ನ್ಯಾಯಾಲಯಗಳೂ ಅವನನ್ನು ಬಿಡುಗಡೆ ಮಾಡಿದವು. ಭಾರತದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಸಿನಿಮಾ ಡಿವಿಡಿಯನ್ನು ಫೈಲ್ ಮಾಡಿ ಹಂಚುವುದು ತಪ್ಪು. ಮನೆಯ ಮದುವೆಗೆ ಆ ಗೋಜಿಲ್ಲ.

ಐಎಸ್‌ಒ ಪ್ರತಿಯನ್ನು ಎರಡು ಹಾರ್ಡ್‌ಡಿಸ್ಕುಗಳಲ್ಲಿ, ಬೇರೆ ಬೇರೆ ಮನೆಗಳಲ್ಲಿ ಇಡಬೇಕು. ಸಾಧ್ಯವಾದರೆ ಇನ್ನೊಂದು ಕ್ಲೌಡಿನಲ್ಲಿರಲಿ. ಪೆನ್‌ಡ್ರೈವ್ ಒಂದನ್ನೇ ನಂಬಿ ಬೀರುವಿಗೆ ಹಾಕಿದರೆ ಡಿವಿಡಿಯ ಕಥೆಯೇ ಮತ್ತೆ. ಫೈಲಿನ ಹೆಸರಲ್ಲಿ ಊರು, ವರ್ಷ, ಯಾರ ಮದುವೆ ಎಂಬುದು ಇರಲಿ. ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ನೋಡಿ, ಯಾವ ನಿಮಿಷದಲ್ಲಿ ಯಾರಿದ್ದಾರೆಂದು ಬರೆದಿಟ್ಟರೆ ಮುಂದಿನವರಿಗೆ ಅದು ಬರೀ ಗುಂಪಾಗಿ ಕಾಣುವುದಿಲ್ಲ.

ಸೋನಿ ಕಂಪನಿ 2025ರ ಫೆಬ್ರವರಿಯಲ್ಲಿ ರೈಟ್ ಮಾಡುವ ಬ್ಲೂ-ರೇ ತಟ್ಟೆಗಳ ಜೊತೆಗೆ ಮಿನಿ ಡಿವಿ ಕ್ಯಾಸೆಟ್ಟಿನ ತಯಾರಿಕೆಯನ್ನೂ ನಿಲ್ಲಿಸಿತು. ಯುಎಸ್‌ಬಿ ಡಿವಿಡಿ ಡ್ರೈವುಗಳು ಈಗಿನ್ನೂ ಅಂಗಡಿಯಲ್ಲಿ ಸಿಗುತ್ತಿವೆ. ಈ ಭಾನುವಾರ ಬೀರು ತೆಗೆಯಿರಿ, ನೇರಳೆ ತಳದ ತಟ್ಟೆಗಳನ್ನು ಬೇರೆ ಮಾಡಿ, ಬೇರೆಲ್ಲೂ ಪ್ರತಿ ಇಲ್ಲದ ಒಂದನ್ನು ಮೊದಲು ನಕಲು ಮಾಡಿ.